ಸಾಕುಮನೆಯಲ್ಲಿ ಬೆಳೆಯುವ ಕೂಸು

'ಸಾಕು' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಉಣ್ಣುವವನು ಎಲೆಯ ಮೇಲೆ ಕೈ ಅಡ್ಡಮಾಡಿ 'ಸಾಕು' ಎಂದರೆ ಅದು ತೃಪ್ತಿಯ ಮಾತು. 'ಹೆತ್ತವಳು ಒಬ್ಬಳು, ಸಾಕಿದವಳು ಇನ್ನೊಬ್ಬಳು' ಎಂದರೆ ಅದು ಪೋಷಣೆಯ ಮಾತು. ನಮ್ಮ ಪುರಾಣಗಳಲ್ಲಿ ಸಾಕಿದವರಿಗೆ ಹಿರಿಯ ಸ್ಥಾನವಿದೆ. ಕೃಷ್ಣನನ್ನು ಹೆತ್ತವಳು ದೇವಕಿ. ಅವನ ಬಾಲಲೀಲೆಯನ್ನು ಕಂಡವಳು ಯಶೋದೆ. ಶಕುಂತಲೆ ಬೆಳೆದುದು ಕಣ್ವ ಮಹರ್ಷಿಗಳ ಆಶ್ರಮದಲ್ಲಿ. ಕರ್ಣನು ಸಾಕುತಾಯಿಯಾದ ರಾಧೆಯ ಹೆಸರಿನಿಂದಲೇ ರಾಧೇಯನೆನಿಸಿದನು. ಆದರೆ ಕಥೆಗಳು 'ಬೆಳೆದನು', 'ಬೆಳೆದಳು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಒಂದೂವರೆ ವರ್ಷದ ಕೂಸು ಪರರ ಮನೆಗೆ ಬಂದ ಮೊದಲ ರಾತ್ರಿ ಏನಾಗುತ್ತದೆ? ಅದು ಹೇಗೆ ಉಣ್ಣುತ್ತದೆ, ಹೇಗೆ ನಿದ್ರಿಸುತ್ತದೆ, ಹೇಗೆ ಮಾತು ಕಲಿಯುತ್ತದೆ? ಈ ಲೇಖನದಲ್ಲಿ ಅದನ್ನು ವಿವರಿಸಲು ಯತ್ನಿಸುತ್ತೇವೆ. ಓದುವ ನಿಮ್ಮಲ್ಲಿ ಕೆಲವರ ಮನೆಗೂ ಇಂಥ ಕೂಸು ಬಂದಿರಬಹುದು, ಇಲ್ಲವೆ ಮುಂದೆ ಬರಬಹುದು.

ಮೊದಲು ಒಂದು ಭೇದವನ್ನು ತಿಳಿಯಬೇಕು. ದತ್ತು ತೆಗೆದುಕೊಂಡ ಮಗು ಕಾನೂನಿನ ಪ್ರಕಾರ ಆ ಮನೆಯ ಮಗುವೇ ಆಗಿಬಿಡುತ್ತದೆ. ಸಾಕುವಿಕೆ ಹಾಗಲ್ಲ, ಅದು ಒಂದು ಕಾಲಾವಧಿಯ ಆಶ್ರಯ. ಹೆತ್ತವರು ರೋಗದಿಂದಲೋ ಸಂಕಟದಿಂದಲೋ ಅಸಮರ್ಥರಾದಾಗ ಇನ್ನೊಂದು ಮನೆ ಮಗುವನ್ನು ನೋಡಿಕೊಳ್ಳುತ್ತದೆ. ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯಿದೆ ಇದಕ್ಕೆ ನಿಯಮಗಳನ್ನು ಹಾಕಿಕೊಟ್ಟಿದೆ. ಅದರಂತೆ ನಿರಾಶ್ರಿತ ಮಗುವಿನ ವಿಷಯವನ್ನು ನಿರ್ಣಯಿಸುವುದು ಮಕ್ಕಳ ಕಲ್ಯಾಣ ಸಮಿತಿ. ಯಾರೂ ಇಲ್ಲದ ಎಳೆಯ ಮಗುವಿಗೆ ಆದಷ್ಟೂ ದತ್ತುಮನೆಯನ್ನೇ ಹುಡುಕುತ್ತಾರೆ. ದತ್ತು ಆದೇಶ ಹೊರಡುವವರೆಗೆ ಅದು ಆ ದಂಪತಿಗಳ ಮನೆಯಲ್ಲಿ ದತ್ತುಪೂರ್ವ ಪೋಷಣೆಯಲ್ಲಿರುತ್ತದೆ. ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ ಅದನ್ನು ಯಾರೂ ತಾವಾಗಿಯೇ ಇಟ್ಟುಕೊಳ್ಳಲಾಗದು. 24 ಗಂಟೆಗಳೊಳಗೆ ತಿಳಿಸಬೇಕಾದವರಿಗೆ ತಿಳಿಸಬೇಕು. ಅದಕ್ಕಾಗಿ 1098 ಎಂಬ ದೂರವಾಣಿ ಸಂಖ್ಯೆ ಇದೆ. ಇದನ್ನು ನೀವು ಬಾಯಿಪಾಠ ಮಾಡಿಟ್ಟುಕೊಳ್ಳತಕ್ಕದ್ದು. ಆದರೆ ನಾವು ನಿತ್ಯ ಕಾಣುವ ಸಾಕುವಿಕೆ ಬಂಧುಗಳೊಳಗಿನದು. ತಂಗಿಯ ಮಗು ಅಕ್ಕನ ಮನೆಯಲ್ಲಿ, ಮೊಮ್ಮಗು ಅಜ್ಜಿಯ ಮನೆಯಲ್ಲಿ ಬೆಳೆಯುವುದು ನಮ್ಮವರಿಗೆ ಹೊಸತಲ್ಲ.

ಹೊಸತಾದುದು ಇದರ ಹಿಂದಿರುವ ಮನಶ್ಶಾಸ್ತ್ರದ ತಿಳಿವಳಿಕೆ. ತಾಯಿಯನ್ನು ಅಗಲಿದ ಕೂಸು ಎರಡು ದಿನ ಅತ್ತು ಸುಮ್ಮನಾದರೆ 'ಮರೆಯಿತು' ಎಂದು ಹಿಂದೆ ಎಲ್ಲರೂ ನಂಬಿದ್ದರು. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಅಂಥ ಮಕ್ಕಳನ್ನು ಬಹುಕಾಲ ಸಮೀಪದಿಂದ ನೋಡಿದರು. ಆಸ್ಪತ್ರೆಗೆ ಸೇರಿದ ಎರಡು ವರ್ಷದ ಕೂಸಿನ ಎಂಟು ದಿನಗಳನ್ನು ಚಲಚ್ಚಿತ್ರವಾಗಿ ತೆಗೆದು 1952ರಲ್ಲಿ ವೈದ್ಯರ ಮುಂದಿಟ್ಟರು. ಅಗಲಿಕೆಯ ದುಃಖಕ್ಕೆ ಮೂರು ಹಂತಗಳಿವೆ ಎಂದು ಅವರು ವಿವರಿಸಿದರು: ಮೊದಲು ಪ್ರತಿಭಟನೆ, ಬಳಿಕ ನಿರಾಶೆ, ಕೊನೆಗೆ ವಿಮುಖತೆ. ಮೂರನೆಯ ಹಂತದಲ್ಲಿ ಕೂಸು ಅಳುವುದಿಲ್ಲ. ತಾಯಿ ಬಂದರೂ ಅತ್ತ ನೋಡುವುದಿಲ್ಲ. ದೊಡ್ಡವರು ಸಮಾಧಾನವೆಂದು ತಿಳಿಯುವುದು ಇದನ್ನೇ.

1960ರ ದಶಕದ ಕೊನೆಯಲ್ಲಿ ಜೇಮ್ಸ್ ಮತ್ತು ಅವರ ಪತ್ನಿ ಜಾಯ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾಯಂದಿರು ಹೆರಿಗೆಗೆಂದು ಆಸ್ಪತ್ರೆಗೆ ಸೇರಿದಾಗ ನಾಲ್ಕು ಕೂಸುಗಳನ್ನು ಒಂದೊಂದಾಗಿ ತಮ್ಮ ಮನೆಯಲ್ಲಿಯೇ ಸಾಕಿದರು. ಅವುಗಳಲ್ಲಿ ಜೇನ್ ಎಂಬ 17 ತಿಂಗಳ ಕೂಸು 10 ದಿನ, ಕೇಟ್ ಎಂಬ ಎರಡು ವರ್ಷ ಐದು ತಿಂಗಳ ಕೂಸು 27 ದಿನ ಅವರಲ್ಲಿದ್ದವು. ಕೂಸಿಗೆ ಮುಂಚಿತವಾಗಿಯೇ ತಮ್ಮ ಮನೆಯ ಪರಿಚಯ ಮಾಡಿಸಿದರು. ಅದರ ಆಟಿಕೆ ಹಾಸಿಗೆಗಳನ್ನು ಜೊತೆಗೆ ತರಿಸಿದರು. ಊಟ ನಿದ್ರೆಗಳ ರೂಢಿಯನ್ನು ತಾಯಿಯಿಂದಲೇ ಕೇಳಿ ತಿಳಿದರು. ತಾಯಿಯ ಮಾತನ್ನು ಮನೆಯಲ್ಲಿ ಜೀವಂತವಾಗಿರಿಸಿದರು. ಜೇನಳ ವಯಸ್ಸಿನವನೇ ಆದ ಜಾನ್ ಎಂಬ ಕೂಸು ಒಂದು ಶಿಶುನಿಲಯದಲ್ಲಿ 9 ದಿನವಿತ್ತು. ಅಲ್ಲಿಯ ದಾದಿಯರು ನಿರ್ದಯರಲ್ಲ. ಆದರೆ ಸರದಿಯಂತೆ ಬದಲಾಗುತ್ತಿದ್ದರು, ಯಾರೊಬ್ಬರೂ ಅವನವರಾಗಲಿಲ್ಲ. ತಾಯಿ ಕರೆದೊಯ್ಯಲು ಬಂದಾಗ ಅವನು ಅವಳ ತೋಳಿನಿಂದ ಬಿಡಿಸಿಕೊಳ್ಳಲು ಹೆಣಗಿದನು. ಸಾಕುಮನೆಯಲ್ಲಿದ್ದ ಮಕ್ಕಳಿಗೂ ಕಳವಳವಾಗದೆ ಇರಲಿಲ್ಲ. ಆದರೆ ಅವು ತಾಯಂದಿರನ್ನು ಬಿಟ್ಟುಕೊಡಲಿಲ್ಲ. ಸಾಕುಮನೆಯ ಧರ್ಮವೇನೆಂಬುದು ಇದರಿಂದ ಸ್ಪಷ್ಟವಾಗುವುದು. ಕೂಸು ಹಿಂದಿನದನ್ನು ಮರೆಯುವಂತೆ ಮಾಡುವುದು ಅದರ ಕೆಲಸವಲ್ಲ; ಹಿಂದಿನ ಎಳೆ ಕಡಿಯದಂತೆ ಹಿಡಿದು, ಇಂದಿನ ದಿನವನ್ನು ನಡೆಸುವುದೇ ಅದರ ಕೆಲಸ.

ಇದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ. 2022ರ ಜೂನ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಯಿಂದ 17 ತಿಂಗಳ ಕೂಸೊಂದು ಮುಂಬಯಿಗೆ, ಚಾಳಿನಲ್ಲಿರುವ ನಮ್ಮ ಎರಡು ಕೋಣೆಗಳ ಮನೆಗೆ ಬಂದಿತು. ಅದರ ತಾಯಿ ನಮ್ಮ ಮನೆಯವರ ತಂಗಿ. ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಾಗಿ ಅವರು ಬಹುಕಾಲ ಮಲಗಿಯೇ ಇರಬೇಕಾಗಿತ್ತು; ಶುಶ್ರೂಷೆಗೆ ಪತಿ ಅಲ್ಲಿ ನಿಂತರು. ಕೂಸಿನ ಸಂಗಡ ಮೂರು ವಸ್ತುಗಳು ಬಂದವು: ಚುಚ್ಚುಮದ್ದುಗಳ ಲೆಕ್ಕವಿದ್ದ ತಾಯಿ ಕಾರ್ಡು, ಒಂದು ಹಿತ್ತಾಳೆಯ ಬಟ್ಟಲು, ತಾಯಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಕೌದಿಯನ್ನು ನಮ್ಮ ಮನೆಯವರು ಬಹುದಿನ ಒಗೆಯಲಿಲ್ಲ. ಅದರಲ್ಲಿ ಅವ್ವನ ವಾಸನೆ ಇತ್ತು. ಕೂಸು ಮುಖವನ್ನು ಅದರಲ್ಲಿ ಹುದುಗಿಸಿದರೆ ಮಾತ್ರ ನಿದ್ರಿಸುತ್ತಿತ್ತು.

ಮೊದಲ ಮೂರು ರಾತ್ರಿ ಅದು ಅತ್ತಿತು. ನಾಲ್ಕನೆಯ ದಿನ ಅಳು ನಿಂತಿತು. ನೆರೆಯವರು 'ಹೊಂದಿಕೊಂಡಿತು' ಎಂದು ಸಂತೋಷಪಟ್ಟರು. ಆದರೆ ಯಾರು ಎತ್ತಿಕೊಂಡರೂ ಮರದ ಗೊಂಬೆಯಂತೆ ಹೋಗುತ್ತಿತ್ತು. ಊರಿನಲ್ಲಿ 14ನೆಯ ತಿಂಗಳಿಗೇ ನಡೆದ ಕೂಸು ಇಲ್ಲಿ ಹತ್ತು ದಿನ ಅಂಬೆಗಾಲಿಕ್ಕಿತು. ಕಲಿತಿದ್ದ ನಾಲ್ಕೈದು ಮಾತುಗಳನ್ನೂ ಬಿಟ್ಟಿತು. ಮಕ್ಕಳ ವೈದ್ಯರು ನೋಡಿ, ಶರೀರದಲ್ಲಿ ದೋಷವಿಲ್ಲ, ದುಃಖದಲ್ಲಿ ಕೂಸುಗಳು ಹೀಗೆ ಹಿಂದಕ್ಕೆ ಸರಿಯುವುದುಂಟು, ಒಬ್ಬರ ಕೈಯಲ್ಲಿಯೇ ಇರಲಿ, ಪ್ರತಿದಿನವೂ ಒಂದೇ ತೆರನಾಗಿರಲಿ ಎಂದರು.

ಅಂದಿನಿಂದ ಮನೆಗೆ ಒಂದು ವೇಳಾಪಟ್ಟಿ ಬಂತು. ಒಂದು ತಿಂಗಳು ಉಣಿಸುವುದು, ಮೀಯಿಸುವುದು, ಮಲಗಿಸುವುದು ನಮ್ಮ ಮನೆಯವರೊಬ್ಬರದೇ ಕೆಲಸ, ಉಳಿದವರು ಆಡಿಸಬಹುದು. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಅದೇ ಹಿತ್ತಾಳೆಯ ಬಟ್ಟಲಿನಲ್ಲಿ. ಮಧ್ಯಾಹ್ನ ನಿದ್ರೆ. ಐದು ಗಂಟೆಗೆ ಚಾಳಿನ ಗ್ಯಾಲರಿಯಲ್ಲಿ ಗುಬ್ಬಿಗಳಿಗೆ ಅಕ್ಕಿ ಹಾಕುವುದು. ಏಳಕ್ಕೆ ದೂರವಾಣಿಯ ಪರದೆಯಲ್ಲಿ ಅವ್ವನ ಮುಖ. ಎಂಟೂವರೆಗೆ ಕೌದಿ ಮತ್ತು ಜೋಗುಳ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ರೆ ಬೇಕು. ಅದು ಹೊತ್ತಿಗೆ ಸರಿಯಾಗಿ ಒದಗಿದರೆ ಅರ್ಧ ಹಟ ತಾನಾಗಿಯೇ ಇಳಿಯುವುದು. ಗಡಿಯಾರ ತಿಳಿಯದ ಕೂಸಿಗೆ ರೂಢಿಯೇ ಗಡಿಯಾರ. ರೊಟ್ಟಿಯ ಬಳಿಕ ನಿದ್ರೆ, ನಿದ್ರೆಯ ಬಳಿಕ ಗುಬ್ಬಿ, ಗುಬ್ಬಿಯ ಬಳಿಕ ಅವ್ವ ಎಂದು ತಿಳಿದಾಗ ಅದಕ್ಕೆ ಮುಂದಿನ ಹೊತ್ತಿನ ಭಯ ಕಡಿಮೆಯಾಯಿತು. ಮೊದಮೊದಲು ಪರದೆಯ ಮೇಲಿನ ಅವ್ವನನ್ನು ಕಂಡು ಅದು ಮುಖ ತಿರುಗಿಸುತ್ತಿತ್ತು. ಆದರೂ ಆ ಕರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮೂರನೆಯ ವಾರ ಅದು ತನ್ನ ರೊಟ್ಟಿಯ ತುಂಡನ್ನು ಪರದೆಯ ಬಾಯಿಗೆ ಒತ್ತಿತು. ಆ ಕಡೆ ಮಲಗಿದ್ದ ತಾಯಿಯೂ ಬಾಯಿ ತೆರೆದರು.

ಸಾಕಿದವರನ್ನು ಕೂಸು ಏನೆಂದು ಕರೆಯಬೇಕು? ಇತರ ದೇಶಗಳಲ್ಲಿ ಇದು ಕಠಿಣ ಪ್ರಶ್ನೆ. ನಮ್ಮ ಭಾಷೆ ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ತಾಯಿಯ ಅಕ್ಕ ದೊಡ್ಡವ್ವ, ತಂಗಿ ಚಿಕ್ಕವ್ವ. ದೊಡ್ಡವ್ವನ ಗಂಡ ದೊಡ್ಡಪ್ಪ. ಆ ಹೆಸರುಗಳೊಳಗೇ ಅವ್ವ ಇದ್ದಾಳೆ, ಅಪ್ಪ ಇದ್ದಾನೆ. ಆದರೆ ಹೆತ್ತವರ ಸ್ಥಾನವನ್ನು ಅವು ಕಸಿದುಕೊಳ್ಳುವುದಿಲ್ಲ. ಆದುದರಿಂದ ನಮ್ಮ ಮನೆಯಲ್ಲಿ 'ಅವ್ವ' ಎಂಬ ಮಾತು ಊರಿನಲ್ಲಿರುವ ಒಬ್ಬರಿಗೇ ಮೀಸಲಾಗಿತ್ತು.

ಇನ್ನು ಬೆಳವಣಿಗೆಯ ಮೈಲಿಗಲ್ಲುಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಅವುಗಳ ಪ್ರಕಾರ ಆರೋಗ್ಯವಂತ ಮಕ್ಕಳು ಸುಮಾರು 8ರಿಂದ 18 ತಿಂಗಳೊಳಗೆ ಯಾವಾಗಲಾದರೂ ಸ್ವತಂತ್ರವಾಗಿ ನಡೆಯಬಹುದು. ಅಂತರ ಎಷ್ಟು ದೊಡ್ಡದೆಂಬುದನ್ನು ಗಮನಿಸಿರಿ. ಎರಡನೆಯ ವರ್ಷದಲ್ಲಿ ತೂಕ ಸುಮಾರು ಎರಡರಿಂದ ಎರಡೂವರೆ ಕಿಲೋ ಹೆಚ್ಚುವುದು. ಎರಡು ವರ್ಷದ ಹೊತ್ತಿಗೆ ಮಗು ಓಡುವುದು, ಚೆಂಡನ್ನು ಒದೆಯುವುದು, ಚಮಚದಿಂದ ಉಣ್ಣುವುದು, ಎರಡು ಮಾತುಗಳನ್ನು ಕೂಡಿಸಿ ಆಡುವುದು. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಸರದಿಯನ್ನೂ ಪೋಲಿಯೋ ಮೊದಲಾದವುಗಳ ವರ್ಧಕ ಸರದಿಯನ್ನೂ ಹಾಕಿಸಬೇಕು. ಊರು ಬದಲಾದ ಮಕ್ಕಳಿಗೆ ತಪ್ಪಿಹೋಗುವುದು ಇವೇ. ಅದಕ್ಕಾಗಿಯೇ ಆ ಕಾರ್ಡು ಕೂಸಿನ ಜೊತೆಯಲ್ಲಿ ಸಂಚರಿಸಬೇಕು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ಮಾತ್ರ ಇಲ್ಲಿ ಅನ್ವಯಿಸಲಾಗದು. ಕಿತ್ತು ನೆಟ್ಟ ಸಸಿ ಮೊದಲು ಬಾಡುತ್ತದೆ. ಬಾಡಿದುದನ್ನು ನೋಡಿ ಬೀಜವನ್ನು ಹಳಿಯಬಾರದು.

ನಮ್ಮ ಕೂಸು ಹನ್ನೊಂದನೆಯ ದಿನ ಮತ್ತೆ ಎದ್ದು ನಡೆಯಿತು. ಒಂದು ತಿಂಗಳ ಬಳಿಕ ಗುಬ್ಬಿಗೆ ಬೆರಳು ಮಾಡಿ 'ಚಿಮಣಿ' ಎಂದಿತು. ನೆರೆಯ ಮರಾಠಿ ಅಜ್ಜಿ ಕಲಿಸಿದ ಮಾತು. ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಎಂದು ಹೆಸರು. ಅಂದು ಸಂಜೆ ಅದೇ ಮಾತನ್ನು ಕೇಳಿದ ತಾಯಿ, ದೀಪ ಯಾಕೆ ಬೇಕೆಂದು ಕೇಳಿದರು. ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪವಲ್ಲವೇ! ನಾವು ಮರಾಠಿಯನ್ನು ತಡೆಯಲಿಲ್ಲ. ಪ್ರತಿಸಲವೂ 'ಹೌದು, ಗುಬ್ಬಿ' ಎಂದು ಕನ್ನಡವನ್ನೂ ಸೇರಿಸಿದೆವು. ಹಿಂತಿರುಗಿ ಹೋದಾಗ ತಾಯಿಗೂ ಮಗುವಿಗೂ ಒಂದೇ ಮಾತು ಇರಬೇಕಷ್ಟೆ. 22ನೆಯ ತಿಂಗಳಲ್ಲಿ ಕೂಸು ಮೊದಲ ಬಾರಿಗೆ ಎರಡು ಮಾತುಗಳನ್ನು ಜೋಡಿಸಿತು: 'ಅವ್ವ ಇಲ್ಲ.' ಬೆಳವಣಿಗೆಯ ಲೆಕ್ಕದಲ್ಲಿ ಅದು ಹಬ್ಬದ ದಿನ. ಕೇಳಿದವರ ಕಣ್ಣು ಮಾತ್ರ ತುಂಬಿತು. 'ಅವ್ವ ಅದಾಳ, ಊರಾಗ ಔಷಧ ತಗೋತಾಳ, ಬರ್ತಾಳ' ಎಂದು ನಮ್ಮ ಮನೆಯವರು ಉತ್ತರಿಸಿದರು. ನಾಳೆಯೇ ಬರುತ್ತಾಳೆಂಬ ಸುಳ್ಳನ್ನು ಯಾರೂ ಹೇಳಲಿಲ್ಲ.

ಈ ಮೈಲಿಗಲ್ಲುಗಳನ್ನೆಲ್ಲ ನಾವು ಒಂದು ವಹಿಯಲ್ಲಿ ದಿನಾಂಕಸಹಿತ ಬರೆದಿಟ್ಟೆವು. ತನ್ನ ಮನೆಯಲ್ಲಿ ಬೆಳೆದ ಮಗುವಿನ ಬಾಲ್ಯವನ್ನು ಹತ್ತು ಜನ ನೆನಪಿಡುತ್ತಾರೆ. ಮನೆ ಬದಲಾಯಿಸಿದ ಮಗುವಿನ ಮೊದಲ ಹಲ್ಲು, ಮೊದಲ ಮಾತು, ಮೊದಲ ಹಟ ಯಾರ ನೆನಪಿನಲ್ಲಿಯೂ ಉಳಿಯದೆ ಹೋಗಬಹುದು. ಆಗ ಮುಂದೆ ಅದು 'ನಾನು ಚಿಕ್ಕವಳಿದ್ದಾಗ ಹೇಗಿದ್ದೆ?' ಎಂದು ಕೇಳಿದರೆ ಹೇಳುವವರಿಲ್ಲ. ಸಾಕಿದವರು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಉಡುಗೊರೆ ಆ ವಹಿ. ಮೂರನೆಯ ತರಗತಿಯಲ್ಲಿದ್ದ ನಮ್ಮ ಮಗನೂ ಅದರಲ್ಲಿ ಗುಬ್ಬಿಯ ಚಿತ್ರ ಬರೆದಿದ್ದಾನೆ. ಮೊದಲು ಅವನಿಗೂ ಅಸೂಯೆ ಇತ್ತು; ತನಗೂ ಉಣಿಸೆಂದು ಹಟ ಹಿಡಿಯುತ್ತಿದ್ದನು. ರಾತ್ರಿ ಅರ್ಧ ಗಂಟೆ ತಾಯಿ ಅವನೊಬ್ಬನವಳೇ ಎಂದು ಗೊತ್ತುಮಾಡಿದ ಮೇಲೆ ಅವನೇ ಕೂಸಿನ ಮುಖ್ಯ ಗೆಳೆಯನಾದನು.

2023ರ ಫೆಬ್ರವರಿಯಲ್ಲಿ ತಾಯಿ ಗುಣಮುಖರಾಗಿ ಬಂದರು. ಕೂಸು ದೊಡ್ಡವ್ವನ ಹಿಂದೆ ಅಡಗಿತು. ಅವರು ಅವಸರಪಡದೆ ಹತ್ತು ದಿನ ನಮ್ಮಲ್ಲಿಯೇ ಉಳಿದರು. ಮೊದಲು ಉಣಿಸುವ ಕೆಲಸ, ಬಳಿಕ ಸ್ನಾನ, ಕೊನೆಗೆ ಕೌದಿ ಹೊದಿಸಿ ಮಲಗಿಸುವ ಕೆಲಸ ಒಂದೊಂದಾಗಿ ಅವರ ಕೈಗೆ ಹೋದವು. ಹತ್ತನೆಯ ರಾತ್ರಿ ಕೂಸು ತಾನಾಗಿಯೇ ತಾಯಿಯ ಮಗ್ಗುಲಿಗೆ ಹೊರಳಿತು. ಬಟ್ಟಲು, ಕಾರ್ಡು, ಕೌದಿ, ವಹಿಗಳೊಡನೆ ಅದು ರೈಲು ಹತ್ತಿತು. ನಮ್ಮ ಮನೆ ಕೆಲವು ದಿನ ಬಿಕೋ ಎಂದಿತು. ಅದು ಸಾಕಿದವರ ಪಾಲಿನ ದುಃಖ. ಅದನ್ನು ಕೂಸಿನ ಮೇಲೆ ಹೊರಿಸಬಾರದು. ಈಗಲೂ ವಾರಕ್ಕೊಮ್ಮೆ ಅದರ ಕರೆ ಬರುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಗೋ ನೆರೆಮನೆಗೋ ಇಂಥ ಕೂಸು ಬಂದರೆ ನೀವು ಮಾಡಬೇಕಾದುದು ಬಹಳವಿಲ್ಲ. 'ನಿನ್ನ ನಿಜವಾದ ಅಮ್ಮ ಎಲ್ಲಿ?' ಎಂದು ಕೇಳಬೇಡಿರಿ. ತಮಾಷೆಗೂ 'ನಿನ್ನನ್ನು ಬಿಟ್ಟುಹೋದರು' ಎನ್ನಬೇಡಿರಿ. ಅದರ ಹಳೆಯ ಆಟಿಕೆಯನ್ನು ಕಸಿಯಬೇಡಿರಿ, ಅದು ಎಷ್ಟೇ ಹರಿದಿರಲಿ. ದಿನವೂ ಒಂದೇ ಹೊತ್ತಿಗೆ ಹೋಗಿ ಸ್ವಲ್ಪ ಹೊತ್ತು ಆಡಿರಿ. ನಾಳೆ ಬರುತ್ತೇನೆಂದರೆ ತಪ್ಪದೆ ಹೋಗಿರಿ. ಅದು ಹೇಳುವ ಹೊಸ ಮಾತನ್ನು ಕೇಳಿ, ಒಂದು ವಹಿಯಲ್ಲಿ ಬರೆದಿಡಿರಿ. ಅಕ್ಷರ ಕಲಿತವರು ಅಕ್ಷರವರಿಯದ ಕೂಸಿಗೆ ಮಾಡಬಹುದಾದ ಉಪಕಾರ ಅದು.