ಹಳೆಯ ಮೈಗೆ ಹೊಸ ಎಂಜಿನು

ನಮ್ಮ ಊರುಗಳಲ್ಲಿ ಬಾಡಿಗೆಗೆ ಓಡುತ್ತಿದ್ದ ಅಂಬಾಸಿಡರ್ ಕಾರನ್ನು ಹತ್ತದವರು ಓದುಗರಲ್ಲಿ ವಿರಳ. ಅದರ ಬಾನೆಟ್ಟಿನಡಿ ಬಹುಕಾಲ ಇದ್ದುದು ಇಂಗ್ಲೆಂಡಿನ ಬಿ.ಎಂ.ಸಿ. ಸಂಸ್ಥೆಯ ‘ಬಿ ಸೀರೀಸ್’ ಎಂಬ 1489 ಸಿ.ಸಿ. ಎಂಜಿನು. ಇದರ ದೊಡ್ಡಣ್ಣನಂತಿದ್ದ 1798 ಸಿ.ಸಿ. ಎಂಜಿನು ಅಲ್ಲಿಯ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿತ್ತು. 1962ರಿಂದ 1980ರ ವರೆಗೆ ಆಬಿಂಗ್‌ಡನ್ನಿನ ಕಾರ್ಖಾನೆಯಿಂದ ಅಂಥ 5 ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದವು. ಈಗ ಕೆಲವು ಮಾಲಿಕರು ಆ ಎಂಜಿನನ್ನು ಇಳಿಸಿ ಹೊಸ ಕಾಲದ ಎಂಜಿನನ್ನು ಕೂರಿಸುತ್ತಿದ್ದಾರೆ. ಇದು ಸರಿಯೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಹಳೆಯ ಎಂಜಿನು ಕೆಟ್ಟದೆಂದಲ್ಲ. ಆದರೆ ಅದು ಎರಕದ ಕಬ್ಬಿಣದ್ದು, ಭಾರ ಹೆಚ್ಚು, ಶಕ್ತಿ ಸುಮಾರು 95 ಅಶ್ವಶಕ್ತಿ ಮಾತ್ರ. ಅದರ ವಾಲ್ವ್ ಸೀಟುಗಳು ಸವೆಯದಂತೆ ಕಾಯುತ್ತಿದ್ದ ಸೀಸ ಬೆರೆತ ಪೆಟ್ರೋಲು 2000ದಲ್ಲಿ ಬ್ರಿಟನ್ನಿನ ಪಂಪುಗಳಿಂದ ಮರೆಯಾಯಿತು. 2021ರಲ್ಲಿ ಶೇಕಡಾ 10ರ ವರೆಗೆ ಎಥನಾಲ್ ಬೆರೆತ ಪೆಟ್ರೋಲು ಬಂತು. ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಇಷ್ಟಕ್ಕೇ ಎಂಜಿನು ಕಿತ್ತುಹಾಕಬೇಕೆನ್ನುವುದು ನಮಗೆ ಒಪ್ಪಿಗೆಯಿಲ್ಲ. ಗಟ್ಟಿ ವಾಲ್ವ್ ಸೀಟು, ಹೊಸ ಪೈಪು ಹಾಕಿದರೆ ಆ ತೊಂದರೆ ತೀರುತ್ತದೆ.

ಎಂಜಿನು ಬದಲಿಸುವ ಹುಚ್ಚೂ ಹೊಸತಲ್ಲ. 1970ರ ಸುಮಾರಿಗೆ ಕೆನ್ ಕಾಸ್ಟೆಲೋ ಎಂಬವರು ಎಂ.ಜಿ.ಬಿ.ಗೆ ರೋವರ್ ಕಂಪೆನಿಯ ಮೂರೂವರೆ ಲೀಟರಿನ ವಿ8 ಎಂಜಿನು ಜೋಡಿಸಿ ಮಾರಿದರು. ಅದು ಅಲ್ಯುಮಿನಿಯಮಿನದಾದ್ದರಿಂದ ಎಂಟು ಸಿಲಿಂಡರಾದರೂ ಕಾರಿನ ಮೂತಿ ಹೆಚ್ಚು ಭಾರವಾಗಲಿಲ್ಲ. ಬಳಿಕ ಕಾರ್ಖಾನೆಯೇ ಆ ದಾರಿ ಹಿಡಿದು, 1973ರಿಂದ 1976ರ ವರೆಗೆ 2,591 ವಿ8 ಕಾರುಗಳನ್ನು ತಯಾರಿಸಿತು. 2012ರಲ್ಲಿ, ಎಂ.ಜಿ.ಬಿ.ಗೆ 50 ತುಂಬಿದಾಗ, ಫ್ರಂಟ್‌ಲೈನ್ ಎಂಬ ಸಂಸ್ಥೆ ಜಪಾನಿನ ಮಾಜ್ದಾದ ಎರಡು ಲೀಟರ್ ಎಂಜಿನು ಇಟ್ಟು ಶಕ್ತಿಯನ್ನು 215 ಅಶ್ವಶಕ್ತಿಗೆ ಏರಿಸಿತು.

ಎಂಜಿನು ಏರಿಸುವುದು ಕೆಲಸದ ಸಣ್ಣ ಪಾಲು. ಮೌಂಟಿಂಗು ಹೊಸದಾಗಬೇಕು, ಗೇರುಪೆಟ್ಟಿಗೆ ಹೊಂದಬೇಕು, ಪ್ರೊಪೆಲರ್ ಶಾಫ್ಟಿನ ಉದ್ದ ಬದಲಾಗಬೇಕು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದರೆ ಹೆಚ್ಚು ಒತ್ತಡದ ಪೆಟ್ರೋಲು ಪಂಪು, ಕಂಪ್ಯೂಟರು, ಅದಕ್ಕೆ ಬೇಕಾದ ವಯರುಗಳು. 1967ಕ್ಕಿಂತ ಹಿಂದಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಮೈಗೆ ಸೇರಿರುತ್ತಿತ್ತು. ಹೊಸ ಎಂಜಿನಿಗೆ ಅದು ತಿರುವುಮುರುವಾಗಬೇಕು, ಡೈನಮೋ ತೆಗೆದು ಆಲ್ಟರ್ನೇಟರ್ ಇಡಬೇಕು. ಇಷ್ಟೆಲ್ಲ ಮಾಡಿ ಬ್ರೇಕು, ಹಿಂದಿನ ಆ್ಯಕ್ಸಲನ್ನು ಹಾಗೆಯೇ ಬಿಡುವವರೂ ಇದ್ದಾರೆ! 95ಕ್ಕೆಂದು ಮಾಡಿದ ಬ್ರೇಕಿನಿಂದ 215ನ್ನು ನಿಲ್ಲಿಸಹೊರಡುವುದು ಪ್ರಾಣದೊಡನೆ ಆಟ.

ಹಾಗಾದರೆ ಅದು ಎಂ.ಜಿ.ಬಿ.ಯಾಗಿ ಉಳಿಯಿತೇ? 1990ರ ದಶಕದ ಆದಿಯಲ್ಲಿ ನಮ್ಮ ಅಂಬಾಸಿಡರಿಗೂ ಜಪಾನಿನ ಇಸುಜು ಎಂಜಿನು ಬಂತು. ಆಮೇಲೆ ಅದನ್ನು ನಾವಾರಾದರೂ ಬೇರೆ ಹೆಸರಿನಿಂದ ಕರೆದದ್ದುಂಟೆ? ಆದರೂ ಹಳೆಯ ಎಂಜಿನಿನ ಸದ್ದು ಹೋದದ್ದು ಹೋದದ್ದೇ. ಮೈಯನ್ನು ಕತ್ತರಿಸದೆ ಕೆಲಸ ಮುಗಿಸಿ, ನಂಬ್ರವಿರುವ ಹಳೆಯ ಎಂಜಿನಿಗೆ ಎಣ್ಣೆ ಸವರಿ, ಬಟ್ಟೆ ಹೊದೆಸಿ ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಳ್ಳುವ ಮಾಲಿಕರನ್ನು ನಾವು ಮೆಚ್ಚುತ್ತೇವೆ. ಮುಂದೆ ಕೊಳ್ಳುವವನಿಗೆ ಬೇಕೆನಿಸಿದರೆ ಅದನ್ನೇ ಮತ್ತೆ ಏರಿಸಬಹುದು.