ಉಗ್ರಾಣದ ಗಾಳಿ, ಉಗ್ರಾಣದ ತೇವ

ಕೃಷ್ಣೆಯ ದಂಡೆಯ ಉಗಾರ ಖುರ್ದದಲ್ಲಿ ಕಬ್ಬಿನ ಸಿಹಿ ಎರಡು ರೂಪದಲ್ಲಿ ಮನೆಗೆ ಬರುತ್ತದೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಈ ಊರನ್ನು ಸಕ್ಕರೆಯ ಊರಾಗಿಸಿತು. ಗಾಣದಲ್ಲಿ ಕಾಯಿಸಿದ ಬೆಲ್ಲ ಅದಕ್ಕಿಂತ ಹಳೆಯದು. ಎರಡಕ್ಕೂ ಮೂಲ ಅದೇ ಕಬ್ಬಿನ ಹಾಲು. ಆದರೂ ಮುಂಗಾರು ಹಿಡಿದ ಕೆಲವೇ ದಿನಗಳಲ್ಲಿ ಬೆಲ್ಲದ ಪೆಂಟೆ ನೀರೊಡೆದು ಜಿನುಗತೊಡಗುತ್ತದೆ, ಪಕ್ಕದ ಡಬ್ಬಿಯ ಸಕ್ಕರೆ ಮಾತ್ರ ಉದುರುದುರಾಗಿಯೇ ಉಳಿಯುತ್ತದೆ. ಹೀಗೇಕೆ ಆಗುತ್ತದೆ ಎಂದು ತಿಳಿದರೆ, ಉಗ್ರಾಣದಲ್ಲಿ ಯಾವುದನ್ನು ಎಲ್ಲಿ, ಹೇಗೆ ಇಡಬೇಕೆಂಬ ಅರ್ಧ ಲೆಕ್ಕ ತಿಳಿದಂತೆ.

ಗಾಳಿ ಒಂದು ಉಷ್ಣತೆಯಲ್ಲಿ ಇಂತಿಷ್ಟೇ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಆ ಮಿತಿಯ ಶೇಕಡಾ ಎಷ್ಟು ಭಾಗ ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಶುದ್ಧ ಸಕ್ಕರೆಯ ಹರಳು ಗಾಳಿಯ ನೀರನ್ನು ಎಳೆದುಕೊಂಡು ಕರಗಲು ಆರ್ದ್ರತೆ ಸುಮಾರು ಶೇ 85 ದಾಟಬೇಕು. ಅಡುಗೆ ಉಪ್ಪಿಗೆ ಶೇ 75 ಸಾಕು. ಫ್ರಕ್ಟೋಸ್ ಎಂಬ ಸಕ್ಕರೆಗಂತೂ ಶೇ 60ರ ಆಸುಪಾಸು ಸಾಕು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಕ್ರೋಸಿನ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಕಾರ್ಖಾನೆಯಲ್ಲಿ ಇವು ಕಾಕಂಬಿಯ ಜೊತೆ ಬೇರೆಯಾಗಿ ಹೋಗುತ್ತವೆ, ಬೆಲ್ಲದಲ್ಲಿ ಹಾಗೆಯೇ ಉಳಿಯುತ್ತವೆ. ಅದಕ್ಕೇ ಮಳೆಗಾಲದ ಗಾಳಿಗೆ ಬೆಲ್ಲ ಮೊದಲು ಸೋಲುತ್ತದೆ.

ಜೋಳ, ಗೋಧಿ, ಕಡಲೆಗಳೂ ಸುತ್ತಲ ಗಾಳಿಯೊಡನೆ ತೇವದ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತವೆ. ಆರ್ದ್ರತೆ ಶೇ 65ರಷ್ಟಿದ್ದರೆ ಕಾಳಿನ ತೇವ ಸುಮಾರು ಶೇ 12–13ಕ್ಕೆ ನಿಲ್ಲುತ್ತದೆ. ಆ ಮಟ್ಟದಲ್ಲಿ ಬೂಷ್ಟು ಬೆಳೆಯಲಾರದು. ಅದನ್ನು ಮೀರಿದರೆ ಅಪಾಯ ಏರುತ್ತದೆ. ಶೇಂಗಾದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಶಿಲೀಂಧ್ರವು ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ವಿಷವನ್ನೂ ತರಬಲ್ಲದು. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿ ಬಳಸುವುದಕ್ಕಿಂತ ಎಸೆಯುವುದೇ ಕ್ಷೇಮ.

ಮರದ್ದೂ ಇದೇ ಸ್ವಭಾವ. ಶೇ 65 ಆರ್ದ್ರತೆಯಲ್ಲಿ ಹಲಗೆಯ ತೇವ ಶೇ 12ರ ಸುಮಾರಿಗೆ ನಿಲ್ಲುತ್ತದೆ, ಶೇ 90ಕ್ಕೆ ಏರಿದರೆ ಶೇ 20ಕ್ಕೆ ಹತ್ತಿರವಾಗುತ್ತದೆ. ಮಳೆಗಾಲದಲ್ಲಿ ಕಪಾಟಿನ ಬಾಗಿಲು ಬಿಗಿಯಾಗುವುದು ಇದರಿಂದಲೇ. ತೊಲೆ, ಜಂತಿ, ಕಂಬಗಳ ಹಳೆಯ ಮಾಳಿಗೆ ಮನೆಯಿರಲಿ, ಹೊಲದಲ್ಲಿ ಹೊಸದಾಗಿ ಮರದ ದಿಮ್ಮಿಗಳಿಂದ ಕಟ್ಟಿಸುವ ಮನೆಯಿರಲಿ, ಗೋಡೆ ಕೊಳೆಯದಂತೆ ಕಾಯುವ ಒಣಹವೆಯೇ ಗೋಡೆಯೊಳಗಿನ ಕಾಳನ್ನೂ ಕಾಯುತ್ತದೆ. ಹೀಗಾಗಿ ಮರದ ಮನೆಯಲ್ಲಿ ಉಗ್ರಾಣದ ಯೋಜನೆ ಮನೆಯ ಯೋಜನೆಯ ಜೊತೆಯಲ್ಲೇ ಆಗಬೇಕು, ಕೊನೆಗೆ ಉಳಿದ ಮೂಲೆಯಲ್ಲಿ ಅಲ್ಲ.

ಉತ್ತರ ಕರ್ನಾಟಕದ ಹಿರಿಯರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ವರ್ಷದ ಜೋಳಕ್ಕೆ ನೆಲದೊಳಗಿನ ಹಗೇವು ಇತ್ತು. ಬಾಯಿ ಕಿರಿದು, ಒಡಲು ಅಗಲ, ಒಳಗೆ ಹುಲ್ಲಿನ ಹೊದಿಕೆ. ಮುಚ್ಚಿದ ಮೇಲೆ ಕಾಳು ಮತ್ತು ಹುಳ ಉಸಿರಾಡಿ ಒಳಗಿನ ಆಮ್ಲಜನಕ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಕೊನೆಗೆ ನುಸಿ ಉಸಿರುಕಟ್ಟಿ ಸಾಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೇ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು.

ಆದರೆ ಹಗೇವಿಗೆ ಎತ್ತರದ, ಗಟ್ಟಿಯಾದ, ಒಣನೆಲ ಬೇಕು. ಹೊಳೆಯ ದಂಡೆಯಲ್ಲಿ ಅದು ಕಷ್ಟ. ಉಗಾರದಿಂದ ಮೇಲಕ್ಕೆ, ಸಾಂಗಲಿಗೆ ಹತ್ತಿರದ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಪೇವುಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. 2005ರ ಕೃಷ್ಣೆಯ ಮಹಾಪೂರಕ್ಕೆ ಅಂಥ ಅನೇಕ ಪೇವುಗಳು ಹಾಳಾದವು. ಮುಂದೆ 2019 ಮತ್ತು 2021ರಲ್ಲೂ ಹೊಳೆ ಉಕ್ಕಿ ಬಂತು. ಹಾಗಾಗಿ ಈ ಭಾಗದಲ್ಲಿ ಉಗ್ರಾಣ ನೆಲಕ್ಕಿಳಿಯದೆ ಅಟ್ಟದ ಕಡೆಗೆ ಏರಬೇಕು. ಬೀಜದ ಕಾಳು, ವರ್ಷದ ಬೇಳೆ ಹಿಂದಿನ ಪೂರದ ಗುರುತಿಗಿಂತ ಮೇಲಿರಲಿ.

ಜಾಗ ಆರಿಸುವಾಗ ಪಡುವಣ ಗೋಡೆಯನ್ನು ಬಿಡಿ, ಮಧ್ಯಾಹ್ನದ ಬಿಸಿಲೆಲ್ಲ ಅದಕ್ಕೇ ಬೀಳುತ್ತದೆ. ಒಲೆಯ ಬೆನ್ನಿನ ಗೋಡೆ, ಬಚ್ಚಲಿಗೆ ತಾಗಿದ ಗೋಡೆ ಕೂಡ ಬೇಡ. ಕಾಳಿನ ನುಸಿಗೆ 25ರಿಂದ 32 ಡಿಗ್ರಿ ಸೆಲ್ಸಿಯಸ್ ಹಿತ. 30 ಡಿಗ್ರಿಯ ಸುಮಾರಿಗೆ ಅದರ ಒಂದು ತಲೆಮಾರು ಹೆಚ್ಚುಕಡಿಮೆ ತಿಂಗಳಲ್ಲೇ ಮುಗಿಯುತ್ತದೆ. ತಂಪಾದಷ್ಟೂ ಅದರ ಬೆಳವಣಿಗೆ ನಿಧಾನ. ಕಿಟಕಿ ಚಿಕ್ಕದಿರಲಿ, ಎತ್ತರದಲ್ಲಿರಲಿ, ಜಾಲರಿ ಇರಲಿ. ಬೇಸಿಗೆಯ ಒಣ ದಿನಗಳಲ್ಲಿ ಅದನ್ನು ತೆರೆಯಬೇಕು, ಜಿಟಿಜಿಟಿ ಮಳೆಯಲ್ಲಿ ಮುಚ್ಚಬೇಕು. ಹಸಿಗಾಳಿಯನ್ನು ಒಳಗೆ ಬಿಟ್ಟರೆ ಗಾಳಿಯಾಡಿಸಿದಂತಾಗುವುದಿಲ್ಲ, ತೇವ ತುಂಬಿದಂತಾಗುತ್ತದೆ. ಇಟ್ಟಿಗೆ, ಮಣ್ಣಿನ ಗೋಡೆಯಿದ್ದರೆ ಸುಣ್ಣ ಬಳಿಯಿರಿ, ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತದು.

ಹಲಗೆಗಳು ಒಂದು ಅಡಿಗಿಂತ ಅಗಲ ಬೇಡ. ಅಗಲವಾದರೆ ಹಿಂದಿನ ಸಾಲಿನ ಡಬ್ಬಿ ಕಣ್ಣಿಗೆ ಬೀಳದೆ ಅಲ್ಲೇ ಹುಳ ಹಿಡಿಯುತ್ತದೆ. ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳು ಸಂದು ಬಿಟ್ಟರೆ ಗಾಳಿ ಓಡಾಡುತ್ತದೆ, ಮಳೆಗಾಲದಲ್ಲಿ ಉಬ್ಬುವ ಮರಕ್ಕೂ ಎಡೆ ಸಿಗುತ್ತದೆ. ಭಾರದ ಕಾಳಿನ ಡಬ್ಬಿ ಸೊಂಟದೆತ್ತರದಲ್ಲಿ, ದಿನಬಳಕೆಯದ್ದು ಕಣ್ಣಿನೆತ್ತರದಲ್ಲಿ ಇರಲಿ. ಬೆಲ್ಲ, ಉಪ್ಪು, ಖಡಕ್ ರೊಟ್ಟಿ, ಹಪ್ಪಳ, ಶಾವಿಗೆಗಳಿಗೆ ಗಾಳಿ ಸೇರದ ಬಿಗಿ ಮುಚ್ಚಳ ಬೇಕು. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳ ಎಣ್ಣೆ ಬೆಳಕು, ಶಾಖ, ಆಮ್ಲಜನಕ ಸೇರಿದಲ್ಲಿ ಬೇಗ ಕಮಟುತ್ತದೆ. ಅವಕ್ಕೆ ಕತ್ತಲೆಯ ಮೂಲೆ, ಸ್ಟೀಲ್ ಡಬ್ಬಿ, ಚಿಕ್ಕ ಪ್ರಮಾಣ. ಸಜ್ಜೆಯ ಹಿಟ್ಟಂತೂ ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ: ಬೀಸಿದಾಗ ಕಾಳಿನ ಎಣ್ಣೆಗೂ ಅದನ್ನು ಒಡೆಯುವ ಕಿಣ್ವಕ್ಕೂ ಭೇಟಿಯಾಗುವುದೇ ಕಾರಣ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳ ವಿಚಾರವೇ ಬೇರೆ. ಅವು ಇನ್ನೂ ಉಸಿರಾಡುವ ಜೀವಗಳು, ನೀರಾವಿ ಹೊರಬಿಡುತ್ತವೆ. ಡಬ್ಬಿಯಲ್ಲಿ ಮುಚ್ಚಿದರೆ ಕೊಳೆಯುತ್ತವೆ, ನೆಲುವಿನಲ್ಲೋ ಬಿದಿರಿನ ಬುಟ್ಟಿಯಲ್ಲೋ ತೂಗುಹಾಕಿದರೆ ಉಳಿಯುತ್ತವೆ.

ಕಾಳು ತುಂಬುವ ಮೊದಲು ಒಂದು ಸುಲಭ ಪರೀಕ್ಷೆಯಿದೆ. ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕಿ, ಬಿಸಿಮಾಡಿ ಒಣಗಿಸಿ ಆರಿಸಿದ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಬಾಟಲಿಯ ಬದಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚಿದೆ, ಇನ್ನಷ್ಟು ಬಿಸಿಲು ಬೇಕು. ಬಿಸಿಲಿಗೆ ಹಾಕಿದ ಕಾಳನ್ನು ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಬೇಡಿ. ರಾತ್ರಿ ತಣ್ಣಗಾದ ಮುಚ್ಚಳದ ಒಳಮೈಗೆ ಆವಿ ಹನಿಗಟ್ಟಿ ಮೇಲಿನ ಪದರದಲ್ಲೇ ಬೂಷ್ಟು ಶುರುವಾಗುತ್ತದೆ. ಬೇಳೆಕಾಳಿಗೆ ಕಿಲೋಗೆ ಒಂದು ಚಿಕ್ಕ ಚಮಚದಷ್ಟು ಔಡಲೆಣ್ಣೆ ಸವರುವುದು ಹಳೆಯ ಪದ್ಧತಿ, ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಕಾಳಿನ ಸಿಪ್ಪೆಗೆ ದುಂಬಿ ಅಂಟಿಸಿದ ಮೊಟ್ಟೆಗೆ ಎಣ್ಣೆಯ ತೆಳುಪೊರೆ ಗಾಳಿ ಸಿಗದಂತೆ ಮಾಡುತ್ತದೆ.

ಅಂದ ಬೇರೆ, ಅನುಕೂಲ ಬೇರೆ ಎಂದು ನನಗೆ ಅನಿಸುವುದಿಲ್ಲ. ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಏರಿಸಿದ ಅಡಕಲು ನೋಡಲು ಚೆಂದ, ಚಿಕ್ಕ ಜಾಗದಲ್ಲಿ ಹತ್ತು ಬಗೆಯ ಕಾಳನ್ನು ಬೇರೆಬೇರೆ ಇಡಲೂ ಅದು ಯೋಗ್ಯ. ನಿಮ್ಮ ಮನೆಗೂ ಹಾಗೆ ಅಂದವೂ ಅನುಕೂಲವೂ ಕೂಡಿದ ಉಗ್ರಾಣ ಬೇಕಾದರೆ, ಬಡಿಗನಿಗೆ ಅಳತೆ ಕೊಡುವ ಮುನ್ನ ಅಗ್ಗದ ಆರ್ದ್ರತಾಮಾಪಕವೊಂದನ್ನು ತಂದು, ಉಗ್ರಾಣವಾಗಬೇಕಾದ ಜಾಗದಲ್ಲಿ ಒಂದು ಮಳೆಗಾಲ ತೂಗುಹಾಕಿ. ಅದು ಬಹುತೇಕ ದಿನ ಶೇ 65ರ ಒಳಗೇ ಇದ್ದರೆ ಅಲ್ಲೇ ಕಟ್ಟಿಸಿ. ಮೇಲಿದ್ದರೆ ಇನ್ನೊಂದು ಗೋಡೆ ಹುಡುಕಿ. ಅಂಥ ಗೋಡೆ ಸಿಗದಿದ್ದರೆ ಖರ್ಚಿನ ಮೊದಲ ಪಾಲು ಹಲಗೆಗಿಂತ ಬಿಗಿ ಮುಚ್ಚಳದ ಡಬ್ಬಿಗಳಿಗೆ ಹೋಗಲಿ.