ಹೊರಗಿನ ಕೊಳವೆಯೂ ಕರೆಂಟು ಹೊರುತ್ತದೆ

ಗಿಲ್ಲೆಸುಗೂರು ಹೋಬಳಿಯ ಓದುಗರೊಬ್ಬರು ಕೇಳಿದ್ದಾರೆ: ‘ಮಳಿ ಬಂದ ರಾತ್ರಿ ದೊಡ್ಡ ಟವರಿನ ತಂತಿ ಚರ್‌ಚರ್ ಅಂತಾವ. ಇವನ್ನ ಪೈಪಿನ್ಯಾಗ ಹಾಕಿ ನೆಲದಾಗ ಹೂತ್ರ ಆಗಲ್ಲೇನ್ರಿ?’

ಆಗುತ್ತದೆ. ಅಂಥ ಲೈನುಗಳು ಜಗತ್ತಿನಲ್ಲಿವೆ. ಈ ಪ್ರಶ್ನೆ ರಾಯಚೂರು ಸೀಮೆಯಿಂದ ಬಂದದ್ದು ನನಗೆ ಬಹಳ ಹಿಡಿಸಿತು. 1985ರಿಂದ ಶಕ್ತಿನಗರದ ಸ್ಥಾವರ ರಾಜ್ಯಕ್ಕೆ ಬೆಳಕು ಕೊಟ್ಟಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನು ಚಾಲೂ ಆಗಿ, ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಒಂದೇ ಲಯಕ್ಕೆ ಬಂತು. ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ತಾರೀಖು ಅದು.

ಮೊದಲು ಆ ಚರ್‌ಚರ್ ಸದ್ದು. ಅದು ಕರೆಂಟು ಹರಿಯುವ ಸದ್ದಲ್ಲ. ತಂತಿಗೆ ಜೋತ ಮಳೆಹನಿಯ ಚೂಪಿನಲ್ಲಿ ವಿದ್ಯುತ್ ಕ್ಷೇತ್ರ ದಟ್ಟವಾಗುತ್ತದೆ. ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್ ದಾಟಿದರೆ ಗಾಳಿ ತಡೆಯಲಾರದೆ ಸಣ್ಣಸಣ್ಣದಾಗಿ ಸಿಡಿಯುತ್ತದೆ. ಅದರಲ್ಲಿ ದೆವ್ವವೂ ಇಲ್ಲ, ಅಪಶಕುನವೂ ಇಲ್ಲ. ಗದಗಿನ ಕಡೆ ಗಾಳಿಯಂತ್ರ ಮೋಡ ಓಡಿಸುತ್ತದೆ ಎನ್ನುವ ಮಾತಿದ್ದಂತೆ, ಹೈಟೆನ್ಷನ್ ಲೈನು ಮಳೆ ತಡೆಯುತ್ತದೆ ಎನ್ನುವವರೂ ಸಿಗುತ್ತಾರೆ. ಶುದ್ಧ ಸುಳ್ಳು. ತಂತಿಯ ಕ್ಷೇತ್ರ ಮೋಡದ ಎತ್ತರ ಮುಟ್ಟುವ ಎಷ್ಟೋ ಮೊದಲೇ ಸೊರಗಿಹೋಗುತ್ತದೆ. ರಾಯಚೂರಿಗೆ ಮಳೆ ಕಡಿಮೆ ಬೀಳುವುದು ಅದು ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವುದರಿಂದ. ಟವರು ಬರುವ ಮೊದಲೂ ಇಲ್ಲಿ ಬರಗಾಲಗಳಿದ್ದವು.

ಇನ್ನು ಪೈಪಿನ ಸಂಗತಿ. ಅರ್ಧ ಮೀಟರು ಅಗಲದ ಅಲ್ಯೂಮಿನಿಯಂ ಕೊಳವೆ, ಅದರ ನಟ್ಟನಡುವೆ ಗೇಣಗಲದ ಇನ್ನೊಂದು ಕೊಳವೆ, ನಡುವಿನ ಜಾಗದಲ್ಲಿ ಒತ್ತಡದಲ್ಲಿ ತುಂಬಿದ ಅನಿಲ. ಆ ಅನಿಲ ಸಲ್ಫರ್ ಹೆಕ್ಸಾಫ್ಲೋರೈಡ್. ಗಾಳಿಗಿಂತ ಐದು ಪಟ್ಟು ಭಾರ, ವೋಲ್ಟೇಜು ತಡೆಯುವ ಶಕ್ತಿಯಲ್ಲಿ ಗಾಳಿಗಿಂತ ಎರಡೂವರೆ ಪಟ್ಟು ಗಟ್ಟಿ. ಬೆಂಗಳೂರಿನ ಇಕ್ಕಟ್ಟಿನಲ್ಲಿ ಕಟ್ಟಿದ ಕೆಲವು ಸಬ್‌ಸ್ಟೇಷನ್ನುಗಳೂ ಇದನ್ನೇ ನಂಬಿವೆ. ಜರ್ಮನಿಯ ಶ್ಲುಕ್ಸೀ ಜಲವಿದ್ಯುತ್ ಯೋಜನೆಯ ಸುರಂಗದಲ್ಲಿ 1975ರಿಂದ ಇಂಥ ಲೈನಿದೆ. ಚೀನಾದಲ್ಲಿ 2019ರಿಂದ ಯಾಂಗ್‌ಟ್ಸೆ ನದಿಯಡಿ 1000 ಕಿಲೋವೋಲ್ಟಿನ ಲೈನು ಐದು ಕಿಲೋಮೀಟರಿಗೂ ಉದ್ದ ಓಡುತ್ತಿದೆ.

ಕರೆಂಟೆಲ್ಲ ಒಳಗಿನ ಕೊಳವೆಯಲ್ಲೇ ಹರಿಯುತ್ತದೆ, ಹೊರಗಿನದು ಅನಿಲ ತುಂಬಿಡುವ ಡಬ್ಬಿ ಮಾತ್ರ, ಹೇಗೂ ಅರ್ಥಿಂಗ್ ಆಗಿದೆ, ಅದರಲ್ಲೇನಿದೆ ಎಂದು ಎಂಜಿನಿಯರಿಂಗ್ ಓದುವವರೂ ಹೇಳುವುದನ್ನು ಕೇಳಿದ್ದೇನೆ. ಈ ತಪ್ಪು ತಿಳಿವಳಿಕೆಯನ್ನು ಬಿಡಿಸುವುದೆಂದರೆ ನನಗೆ ಬಲು ಖುಷಿ. ಒಳಗೆ ಮೂರು ಸಾವಿರ ಆಂಪಿಯರ್ ಹರಿದರೆ, ಹೊರಗಿನದರಲ್ಲೂ ಹೆಚ್ಚುಕಡಿಮೆ ಅಷ್ಟೇ ಕರೆಂಟು ತಿರುವುಮುರುವಾಗಿ ಹರಿಯುತ್ತದೆ! ಅದನ್ನು ಯಾರೂ ಅಲ್ಲಿಗೆ ಕಳಿಸಿರುವುದಿಲ್ಲ. ಒಳಗಿನ ಕರೆಂಟು ಸೆಕೆಂಡಿಗೆ ಐವತ್ತು ಆವರ್ತನೆ ಏರಿಳಿಯುತ್ತದೆ, ಜೊತೆಗೆ ಅದರ ಕಾಂತಕ್ಷೇತ್ರವೂ. ಲೈನಿನ ಮೂರು ಫೇಸುಗಳಿಗೆ ಇಂಥ ಒಂದೊಂದು ಕೊಳವೆಜೋಡಿ ಇರುತ್ತದೆ. ಆ ಮೂರರ ಹೊರಕೊಳವೆಗಳನ್ನು ಎರಡೂ ತುದಿಗಳಲ್ಲಿ ಒಂದಕ್ಕೊಂದು ಜೋಡಿಸಿದ್ದರೆ ಕರೆಂಟಿಗೆ ಸುತ್ತಿಬರುವ ದಾರಿ ಸಿಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಪ್ರೇರಣೆ ಆ ದಾರಿಯಲ್ಲಿ ಕರೆಂಟನ್ನು ಹುಟ್ಟಿಸುತ್ತದೆ, ತನ್ನನ್ನು ಹುಟ್ಟಿಸಿದ ಬದಲಾವಣೆಗೆ ಎದುರಾಗಿಯೇ. ಕೊಳವೆಯ ರೋಧ ತೀರ ಕಡಿಮೆ ಇರುವುದರಿಂದ ಎರಡೂ ಕರೆಂಟುಗಳು ಬಹುಪಾಲು ಸರಿಸಮವಾಗುತ್ತವೆ. ಹೊರಗೆ ನಿಂತವರಿಗೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಬಿಡುತ್ತದೆ. ಅರ್ಥಿಂಗ್‌ನಿಂದಾಗಿ ವಿದ್ಯುತ್ ಕ್ಷೇತ್ರವೂ ಹೊರಗೆ ಇಣುಕುವುದಿಲ್ಲ. 765ರ ಲೈನಿನ ಕೆಳಗೆ ರಾತ್ರಿ ಟ್ಯೂಬ್‌ಲೈಟ್ ಹಿಡಿದರೆ ಮಂದವಾಗಿ ಬೆಳಗುತ್ತದೆ. ಈ ಕೊಳವೆಗೆ ತಾಗಿಸಿ ಹಿಡಿದರೂ ಬೆಳಗದು. ಒಂದೇ ತುದಿಯಲ್ಲಿ ಅರ್ಥಿಂಗ್ ಮಾಡಿ ಇನ್ನೊಂದನ್ನು ಬಿಟ್ಟರೆ ಈ ಸುತ್ತು ಕರೆಂಟು ನಿಲ್ಲುತ್ತದೆ, ಕಾಂತಕ್ಷೇತ್ರ ಹೊರಗೆ ಹರಡುತ್ತದೆ, ಬಿಟ್ಟ ತುದಿಯಲ್ಲಿ ವೋಲ್ಟೇಜು ಕಾಣಿಸಿಕೊಳ್ಳುತ್ತದೆ.

ಈ ರಕ್ಷಣೆ ಬಿಟ್ಟಿ ಸಿಗುವುದಿಲ್ಲ. ಬಿಸಿಯ ರೂಪದಲ್ಲಿ ಬೆಲೆ ತೆರಬೇಕು. ಒಳಕೊಳವೆಯ ಗೋಡೆ 10 ಮಿಲಿಮೀಟರು, ಹೊರಗಿನದು 8 ಎಂದಿಟ್ಟುಕೊಂಡು ನಾನೇ ಲೆಕ್ಕ ಹಾಕಿದೆ: ಮೂರು ಸಾವಿರ ಆಂಪಿಯರಿಗೆ ಒಳಗಿನದು ಮೀಟರಿಗೆ ಸುಮಾರು 60 ವ್ಯಾಟ್, ಹೊರಗಿನದು ಸುಮಾರು 27 ವ್ಯಾಟ್ ಶಾಖ ಉಗುಳುತ್ತವೆ. ಅಂದರೆ ಬಿಸಿಯ ಮೂರನೇ ಒಂದು ಪಾಲಿನಷ್ಟು ಆ ‘ಡಬ್ಬಿ’ಯದೇ. ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಮಡಿ. ಗೋಡೆ ದಪ್ಪ ಮಾಡಿದರೆ ತೀರಿತಲ್ಲ ಎನ್ನಬೇಡಿ. ಐವತ್ತು ಹರ್ಟ್ಸ್‌ನಲ್ಲಿ ಕರೆಂಟು ಅಲ್ಯೂಮಿನಿಯಂನೊಳಗೆ ಹೆಚ್ಚಾಗಿ 12 ಮಿಲಿಮೀಟರಿನಷ್ಟು ಆಳಕ್ಕೇ ಇಳಿಯುತ್ತದೆ. ಅದಕ್ಕೂ ಒಳಗಿನ ಲೋಹ ದಂಡ. ಒಳಗಿನದೂ ಸರಳಾಗದೆ ಕೊಳವೆಯಾಗಿರುವುದು ಇದಕ್ಕೇ.

ಒಳಕೊಳವೆಯ ಬಿಸಿ ಹೊರಬರಲು ಎರಡು ದಾರಿ. ಕಾದ ಅನಿಲ ಮೇಲೇರಿ, ಹೊರಗೋಡೆಗೆ ತಾಗಿ ತಣಿದು, ಪಕ್ಕದಿಂದ ಕೆಳಗಿಳಿಯುತ್ತದೆ. ಹೀಗಾಗಿ ಮಲಗಿಸಿದ ಕೊಳವೆಯ ಬೆನ್ನು ಸದಾ ಹೊಟ್ಟೆಗಿಂತ ಬಿಸಿ. ಇನ್ನೊಂದು ವಿಕಿರಣ. ಹೊಳೆಯುವ ಅಲ್ಯೂಮಿನಿಯಂ ಶಾಖ ಬಿಡುವುದರಲ್ಲಿ ಬಲು ಜಿಪುಣ, ಕಪ್ಪು ಬಳಿದರೆ ಧಾರಾಳಿ. ಕೊಳವೆ ಹಿಗ್ಗುವುದೂ ಸಣ್ಣ ಮಾತಲ್ಲ: ನೂರು ಮೀಟರಿನ ತುಂಡು 50 ಡಿಗ್ರಿ ಕಾದರೆ ಹನ್ನೊಂದು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಅದಕ್ಕಾಗಿ ಜಾರುವ ಜೋಡಣೆಗಳನ್ನು ಇಡುತ್ತಾರೆ.

ಹಾಗಾದರೆ ಗಿಲ್ಲೆಸುಗೂರಿನ ಹೊಲದಲ್ಲಿ ಹೂಳಬಹುದೇ? ಟವರು ಲೈನಿಗಿಂತ ಖರ್ಚು ಹಲವು ಪಟ್ಟು. ಸೋರಿದರೆ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಹಾಗಾಗಿ ಕೆಲವು ಹೊಸ ಲೈನುಗಳಲ್ಲಿ ನೂರಕ್ಕೆ ಎಂಬತ್ತು ಪಾಲು ಸಾರಜನಕ ಬೆರೆಸುವ ಪದ್ಧತಿ ಬಂದಿದೆ. ಇವೆರಡನ್ನೂ ಒಪ್ಪಿಕೊಂಡರೂ ನಿಮ್ಮ ಎರೆಮಣ್ಣು ಬಿಡಬೇಕಲ್ಲ. ಹಸಿ ಇದ್ದಾಗ ಅದು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಬಿರುಕಿನ ಗಾಳಿ ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಬಿಸಿ ಕೊಳವೆ ಸುತ್ತಲಿನ ತೇವವನ್ನು ದೂರ ತಳ್ಳುತ್ತದೆ, ಮಣ್ಣು ಒಣಗಿದಷ್ಟೂ ಕೊಳವೆ ಇನ್ನೂ ಕಾಯುತ್ತದೆ. ಹೂಳಲೇಬೇಕೆಂದರೆ ಸುತ್ತ ಶಾಖ ಸಾಗಿಸುವ ಮರಳು ತುಂಬಬೇಕು, ಮಣ್ಣಿನ ಪರೀಕ್ಷೆಯನ್ನು ಕಾಲುವೆ ನೀರು ನಿಂತು ಹೊಲ ಬಾಯಿ ಬಿಟ್ಟ ಮೇ ತಿಂಗಳಲ್ಲೇ ಮಾಡಬೇಕು.